15 ಲೀಟರ್ ಬಕೆಟ್ಟಿನಲ್ಲಿ 63 ಲೀಟರ್ ನೀರು

ನಲ್ಲಿ ತಿರುಗಿಸಿ, ಬಕೆಟ್ ಇಟ್ಟು, 'ಈಗ ಬಂದೆ' ಎಂದು ಹೋದವರು ಈಗ ಬರುವುದಿಲ್ಲ. ಅದು ಮರೆವಿನ ಕಥೆ, ಇರಲಿ. ಆದರೆ ಅದೇ ಬಕೆಟ್ಟನ್ನು ಕಾಗದದ ಮೇಲೆ ಇಟ್ಟರೆ, ಕೂತಲ್ಲೇ, ಕೈ ಒದ್ದೆಯಾಗದಂತೆ ಇನ್ನೂ ದೊಡ್ಡ ಅನಾಹುತ ಮಾಡಬಹುದು. ಅದಕ್ಕೆ ಒಂದು ಆವರಣ, ಅಂದರೆ ಗಣಿತದ ( ) ಚಿಹ್ನೆ, ಸಾಕು.

15 ಲೀಟರಿನ ಬಕೆಟ್. ತಳದಲ್ಲಿ ಆಗಲೇ 3 ಲೀಟರ್ ನೀರಿದೆ. ನಲ್ಲಿ ನಿಮಿಷಕ್ಕೆ 6 ಲೀಟರ್ ಸುರಿಯುತ್ತದೆ. ಸಮಯಕ್ಕೆ ಸ, ನೀರಿಗೆ ನೀ ಎಂದು ಹೆಸರಿಟ್ಟರೆ:

ನೀ(ಸ) = 6ಸ + 3

ಸಮಯ ಕೊಟ್ಟರೆ ನೀರು ಎಷ್ಟೆಂದು ಹೇಳುವ ಇಂಥ ಸೂತ್ರಕ್ಕೆ ಗಣಿತದಲ್ಲಿ ಫಂಕ್ಷನ್ ಎನ್ನುತ್ತಾರೆ. (ನೀ ಎಂದರೆ ಇಲ್ಲಿ ನೀರು. ಏಕವಚನದಲ್ಲಿ ಕರೆದರೆಂದು ಯಾರೂ ಮುನಿಸಿಕೊಳ್ಳಬೇಕಿಲ್ಲ.)

ಮೊದಲ ಎಡವಟ್ಟು ಓದುವುದರಲ್ಲೇ. ನೀ(2) ಎಂಬುದನ್ನು 'ನೀ ಗುಣಿಸು 2' ಎಂದು ಓದುವವರನ್ನು ಬೈಯುವಂತಿಲ್ಲ. 6(2) ಎಂದರೆ 12 ಎಂದು ಕಲಿಸಿದ್ದೂ ಇದೇ ಗಣಿತ. ಪಾಪ, ಒಂದೇ ಆವರಣಕ್ಕೆ ಎರಡು ನೌಕರಿ: ಒಂದು ಗುಣಿಸುವುದು, ಇನ್ನೊಂದು ಸೂತ್ರದಲ್ಲಿ ಯಾವ ಬೆಲೆ ಹಾಕಬೇಕೆಂದು ಹೇಳುವುದು. ಈ ಎರಡನೆಯ ನೌಕರಿಗೆ ಅದನ್ನು 1734ರಲ್ಲಿ ಸೇರಿಸಿದ್ದು ಆಯ್ಲರ್ ಎಂಬ ಸ್ವಿಸ್ ಗಣಿತಜ್ಞ. ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ: ಆವರಣದ ಒಳಗಿನದನ್ನೇ ಮೊದಲು ಹೇಳಿಬಿಡಿ. '2 ನಿಮಿಷಕ್ಕೆ ನೀರು ಎಷ್ಟು?' 6 × 2 + 3, ಅಂದರೆ 15 ಲೀಟರ್. ಬಕೆಟ್ ಭರ್ತಿ.

ಎರಡನೆಯದು ಚುರುಕು ಬುದ್ಧಿಯವರ ತಪ್ಪು. 1 ನಿಮಿಷಕ್ಕೆ 9 ಲೀಟರ್, ಹಾಗಾದರೆ 2 ನಿಮಿಷಕ್ಕೆ 18 ಎಂದು ಬಾಯಲ್ಲೇ ಲೆಕ್ಕ ಒಪ್ಪಿಸುತ್ತಾರೆ. ನಿಜವಾದ ಉತ್ತರ 15. ಹೆಚ್ಚಿಗೆ ಬಂದ 3 ಲೀಟರ್ ಎಲ್ಲಿಂದ ಬಂತು? ತಳದಲ್ಲಿ ಸುಮ್ಮನೆ ಕೂತಿದ್ದ ನೀರನ್ನು ಎರಡು ಸಲ ಎಣಿಸಿದ್ದರಿಂದ. ಸಮಯ ದುಪ್ಪಟ್ಟಾದರೆ ನಲ್ಲಿಯ ನೀರು ದುಪ್ಪಟ್ಟಾಗುತ್ತದೆ, ತಳದ ನೀರಲ್ಲ. ಬಕೆಟ್ ಮೊದಲು ಖಾಲಿಯಿದ್ದಿದ್ದರೆ ಈ ತಪ್ಪೇ ಸರಿಯಾಗಿಬಿಡುತ್ತಿತ್ತು. ಒಮ್ಮೆ ಹಾಗೆ ಸರಿಹೋದ ಮೇಲೆ ಚಾಳಿ ಬಿಡುವುದು ಕಷ್ಟ.

ಇನ್ನು '12 ಲೀಟರ್ ತುಂಬಲು ಎಷ್ಟು ಹೊತ್ತು?' ಎಂದು ಕೇಳಿ ನೋಡಿ. ಹಿಂದೆ ಮುಂದೆ ನೋಡದೆ 12ನ್ನು ಆವರಣಕ್ಕೆ ತುರುಕಿ, ನೀ(12) = 75 ಎಂದು ಬರೆಯುತ್ತಾರೆ. 75 ಏನು? ನಿಮಿಷವೋ, ಲೀಟರೋ? ಆವರಣದ ಒಳಗೆ ಸಮಯಕ್ಕೆ ಮಾತ್ರ ಜಾಗ. ಲೀಟರ್ ಸಮ ಚಿಹ್ನೆಯ ಆಚೆ ನಿಲ್ಲಬೇಕು. 6ಸ + 3 = 12 ಎಂದು ಬರೆದು, 3 ಕಳೆದು, 6ರಿಂದ ಭಾಗಿಸಿದರೆ ಒಂದೂವರೆ ನಿಮಿಷ. ಆವರಣದೊಳಗೂ ಕಂಡಕಂಡ ಸಮಯವನ್ನು ಕೂರಿಸುವ ಹಾಗಿಲ್ಲ. ಅರ್ಧ ನಿಮಿಷ ಎಂದರೆ 30 ಸೆಕೆಂಡ್ ತಾನೇ ಎಂದು ನೀ(30) ಮಾಡಿದರೆ 183 ಲೀಟರ್ ಬರುತ್ತದೆ. ನೀ(0.5) ಮಾಡಿದರೆ 6. ದರ ನಿಮಿಷದ್ದಾದರೆ ಸಮಯವೂ ನಿಮಿಷದ್ದೇ ಆಗಬೇಕು.

ದರ ಗೊತ್ತಿಲ್ಲದಿದ್ದರೆ ಎರಡು ಸಲ ಅಳೆದರಾಯಿತು. ಅರ್ಧ ನಿಮಿಷಕ್ಕೆ 6 ಲೀಟರ್, ಒಂದೂವರೆ ನಿಮಿಷಕ್ಕೆ 12. ನೀರಿನ ವ್ಯತ್ಯಾಸವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿ: 6 ÷ 1. ತಲೆಕೆಳಗಾಗಿ ಭಾಗಿಸಿದರೆ ಲೀಟರಿಗೆ ಎಷ್ಟು ನಿಮಿಷ ಎಂಬುದು ಸಿಗುತ್ತದೆ; ಅದೂ ನಿಜವೇ, ಕೇಳಿದ್ದು ಅದನ್ನಲ್ಲ ಅಷ್ಟೆ. ಅಳತೆಗಳ ನಡುವೆ ಯಾರಾದರೂ ನಲ್ಲಿಯನ್ನು ತಿರುಚಿದರೆ ಎಲ್ಲ ಮೊದಲಿನಿಂದ.

ಎರಡೇ ಅಳತೆ ನಂಬಿ ನಕ್ಷೆಯಲ್ಲಿ ನೇರ ಗೆರೆ ಎಳೆದು ಮೋಸಹೋಗುವುದು ಮೊಬೈಲ್ ಚಾರ್ಜಿನಲ್ಲಿ. ಚಾರ್ಜಿಗೆ ಇಟ್ಟಾಗ ಶೇ. 20, ಅರ್ಧ ಗಂಟೆಗೆ ಶೇ. 50. ನಿಮಿಷಕ್ಕೆ 1, ಹಾಗಾಗಿ ಚಾ(ಸ) = ಸ + 20. ಚಾ(80) = 100 ಎಂದು ಎಂಬತ್ತನೇ ನಿಮಿಷಕ್ಕೆ ಚಪ್ಪಲಿ ಮೆಟ್ಟಿಕೊಂಡು ನಿಂತವರು ಫೋನಿನತ್ತ ನೋಡಿದರೆ ಅದಿನ್ನೂ ತೊಂಬತ್ತರ ಸುತ್ತ ತೆವಳುತ್ತಿರುತ್ತದೆ. ಫೋನಿನ ಲಿಥಿಯಂ ಅಯಾನ್ ಬ್ಯಾಟರಿಯ ವೋಲ್ಟೇಜ್ ಮಿತಿ ಮುಟ್ಟಿದ ಮೇಲೆ ಒಳಹೋಗುವ ಕರೆಂಟ್ ಇಳಿಯುತ್ತ ಹೋಗುತ್ತದೆ. ಅಲ್ಲಿಂದ ಮುಂದೆ ಗೆರೆ ಬಾಗುತ್ತದೆ, ಸೂತ್ರ ಬಾಗುವುದಿಲ್ಲ. ಚಾ(90) ಕೇಳಿದರೆ ನಾಚಿಕೆಯಿಲ್ಲದೆ 110 ಎನ್ನುತ್ತದೆ.

ಸೂತ್ರಕ್ಕೆ ನಿಲ್ಲುವುದು ಗೊತ್ತಿಲ್ಲ; ಎಲ್ಲಿ ನಿಲ್ಲಬೇಕೆಂದು ಪಕ್ಕದಲ್ಲೇ ಬರೆಯಬೇಕು. ನಮ್ಮ ಬಕೆಟ್ಟಿಗಾದರೆ 0 ≤ ಸ ≤ 2, ಅಂದರೆ ಸ 0ಯಿಂದ 2ರವರೆಗೆ ಮಾತ್ರ. ಬರೆಯದೆ ಬಿಟ್ಟರೆ ನೀ(−1) = −3, ಅಂದರೆ ನಲ್ಲಿ ತಿರುಗಿಸುವ ಒಂದು ನಿಮಿಷ ಮುಂಚೆ ಬಕೆಟ್ಟೇ ನಮಗೆ 3 ಲೀಟರ್ ಸಾಲಗಾರ. ಇತ್ತ 'ಈಗ ಬಂದೆ' ಎಂದವರು ಹತ್ತು ನಿಮಿಷ ಬಿಟ್ಟು ಬಂದರೆ ನೀ(10) = 63. ಅದರಲ್ಲಿ 15 ಲೀಟರ್ ಬಕೆಟ್ಟಿನಲ್ಲಿದೆ. ಉಳಿದ 48 ಲೀಟರ್ ಕೂಡ ಬಕೆಟ್ಟಿನಲ್ಲೇ ಇದೆ ಎಂದು ಸೂತ್ರ ಆಣೆ ಮಾಡಿ ಹೇಳುತ್ತದೆ. ನೆಲ ಒರೆಸುವವರನ್ನು ಅದು ಕೇಳಿಲ್ಲ.