‘ಶ್ರದ್ಧಿಕ್ಕುಕ’ ಎಂದರೆ ಶ್ರದ್ಧೆಯಲ್ಲ

ಕಾಸರಗೋಡು ರೈಲು ನಿಲ್ದಾಣದಲ್ಲಿ ‘ಯಾತ್ರಕ್ಕಾರುಡೆ ಶ್ರದ್ಧಯ್ಕ್ಕ್’ (ಪ್ರಯಾಣಿಕರ ಗಮನಕ್ಕೆ) ಎಂಬ ಮಲಯಾಳದ ಕೂಗು ಕೇಳಿದರೆ ಮೈಸೂರು ಕಡೆಯಿಂದ ಬಂದವರಿಗೆ ದೇವಸ್ಥಾನದ ಪ್ರಕಟಣೆಯಂತೆ ತೋರಬಹುದು. ಕನ್ನಡದಲ್ಲಿ ಶ್ರದ್ಧೆ ಇರುವುದು ದೇವರಲ್ಲಿ, ಗುರುವಿನಲ್ಲಿ, ಹೆಚ್ಚೆಂದರೆ ಓದಿನಲ್ಲಿ. ಎರಡನೇ ಪ್ಲಾಟ್‌ಫಾರ್ಮಿಗೆ ಬರುವ ಗಾಡಿಯಲ್ಲಿ ಯಾರೂ ಶ್ರದ್ಧೆ ಇಡುವುದಿಲ್ಲ. ಮಲಯಾಳದಲ್ಲಿ ‘ಶ್ರದ್ಧ’ ಎಂದರೆ ಗಮನ, ‘ಶ್ರದ್ಧಿಕ್ಕುಕ’ ಎಂದರೆ ಗಮನ ಕೊಡುವುದು, ‘ಅಶ್ರದ್ಧ’ ಎಂದರೆ ಅಜಾಗರೂಕತೆ. ಅಶ್ರದ್ಧಯಿಂದ ಬಸ್ಸು ಓಡಿಸಿದನೆಂಬ ಸುದ್ದಿಯನ್ನು ಇದ್ದ ಹಾಗೇ ಕನ್ನಡಕ್ಕೆ ಇಳಿಸಿದರೆ ಪಾಪ, ಚಾಲಕ ನಾಸ್ತಿಕನಾಗುತ್ತಾನೆ.

ನಮ್ಮ ‘ಗಮನ’ವೂ ಅವರಿಗೆ ಅಷ್ಟೇ ವಿಚಿತ್ರ. ಅವರಿಗೆ ಗಮನವೆಂದರೆ ಹೋಗುವುದು. ಸಂಸ್ಕೃತದ ಮೂಲಾರ್ಥವೂ ಅದೇ. ಆಗಮನ, ನಿರ್ಗಮನ, ಗಜಗಮನೆಗಳಲ್ಲಿ ಅದು ನಮ್ಮಲ್ಲೂ ಉಳಿದಿದೆ. ಹೊಸೂರು, ತಾಳವಾಡಿ ಕಡೆ ತಮಿಳು ಫಲಕಗಳಲ್ಲಿ ಗಮನವಿರಲಿ ಎನ್ನಲು ‘ಕವನಂ’ ಇದೆ. ರಸ್ತೆ ತಿರುವಿನಲ್ಲಿ ಕವನ ಯಾಕೆ ಎಂದು ಕನ್ನಡದವನಿಗೆ ನಗು ಬಂದರೆ ತಪ್ಪೇನಿಲ್ಲ. ಅಕ್ಕಲಕೋಟೆ, ಜತ್ತಿನ ಮರಾಠಿಯಲ್ಲಿ ‘ಲಕ್ಷ’. ಉತ್ತರ ಕರ್ನಾಟಕದ ‘ಲಕ್ಷ್ಯ ಕೊಡು’ ಅದಕ್ಕೆ ಹತ್ತಿರದ ನೆಂಟ. ಅದೇ ಲಕ್ಷ್ಯ ಮಲಯಾಳದಲ್ಲಿ ಗುರಿ ಮಾತ್ರ.

ಈ ಭಾಷೆಗಳ ಗುಣ ಎದ್ದು ಕಾಣುವುದು ಶಾಸನಸಭೆಯಲ್ಲಿ. ತುರ್ತು ವಿಷಯವೊಂದನ್ನು ಮಂತ್ರಿಯ ಮುಂದಿಡುವ ಕ್ರಮ ನಮ್ಮ ಸಂಸತ್ತಿನಲ್ಲಿ 1954ರಿಂದ ಇದೆ. ಅದಕ್ಕೆ ಕರ್ನಾಟಕದ ಹೆಸರು ಗಮನ ಸೆಳೆಯುವ ಸೂಚನೆ. ತಮಿಳಿನ ‘ಕವನ ಈರ್ಪ್ಪು’ವಿನಲ್ಲಿಯೂ ಎಳೆಯುವ ಮಾತೇ. ಕೇರಳದ್ದು ‘ಶ್ರದ್ಧ ಕ್ಷಣಿಕ್ಕಲ್’, ಅಂದರೆ ಆಮಂತ್ರಣ. ಮರಾಠಿಯವರು ‘ಲಕ್ಷವೇಧಿ’ ಎಂದು ನೇರ ಬಾಣವನ್ನೇ ನೆಡುತ್ತಾರೆ. ಒಬ್ಬರು ಕರೆಯುತ್ತಾರೆ, ಇಬ್ಬರು ಎಳೆಯುತ್ತಾರೆ, ಒಬ್ಬರು ಚುಚ್ಚುತ್ತಾರೆ. ಮಂತ್ರಿ ತಲೆಯೆತ್ತುವುದು ಯಾವುದಕ್ಕೋ!

ಕನ್ನಡದೊಳಗೇ ಎಡವುವ ಜಾಗಗಳೂ ಇವೆ. ಕಾಸರಗೋಡಿನಲ್ಲಿ ‘ಜಾಗ್ರತೆ ಮಾರಾಯ’ ಎಂದರೆ ನೋಡಿಕೊಂಡು ಹೆಜ್ಜೆಯಿಡು ಎಂದು. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ‘ಜಾಗ್ರತೆ ಬಾ’ ಎಂದರೆ ಬೇಗ ಬಾ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಈ ಎರಡು ಅರ್ಥ ಅದಲುಬದಲಾದರೆ ಸೊಂಟಕ್ಕೆ ಒಳ್ಳೆಯದಲ್ಲ. ‘ಸಾವಧಾನ’ದ್ದು ಇದರ ತಿರುಗುಮುರುಗು. ಕವಾಯತಿನ ಹಿಂದಿಯಲ್ಲಿ ‘ಸಾವಧಾನ್’ ಎಂದರೆ ಮೈ ಬಿಗಿಹಿಡಿದು ನೆಟ್ಟಗೆ ನಿಲ್ಲಬೇಕು. ಮನೆಮಾತಿನಲ್ಲಿ ‘ಸಾವಧಾನವಾಗಿ ಊಟ ಮಾಡಿ’ ಎಂದರೆ ಅವಸರ ಬೇಡ. ಅವಧಾನದ ಹಳೆಯ ಅರ್ಥ ಗಟ್ಟಿಯಾಗಿ ಉಳಿದಿರುವುದು ಅಷ್ಟಾವಧಾನ, ಶತಾವಧಾನಗಳಲ್ಲಿ. ಅಲ್ಲಿ ಎಂಟು ಅಥವಾ ನೂರು ಮಂದಿ ಕೇಳಿದ್ದನ್ನೆಲ್ಲ ಒಬ್ಬನೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇನ್ನು ‘ಪರಾಕು’ ಎಂಬುದು ಒಂದು ತಮಾಷೆ: ತಮಿಳಿನಲ್ಲಿ ‘ಪರಾಕ್ಕು ಪಾರ್ಕ್ಕಾದೆ’ ಎಂದರೆ ಅತ್ತಿತ್ತ ಬಾಯಿಬಿಟ್ಟುಕೊಂಡು ನೋಡಬೇಡ, ನಮ್ಮಲ್ಲಿ ಬಹುಪರಾಕ್ ಎಂದರೆ ಸಭೆಯೆಲ್ಲ ಸೆಟೆದು ನಿಲ್ಲಬೇಕು.

ಎಲ್ಲ ಕಡೆಯೂ ಕನ್ನಡವೇ ಮೇಲೆಂದು ವಾದಿಸುವ ಹಟ ಬೇಡ. ಆಸ್ಪತ್ರೆಯ ಐಸಿಯುಗೆ ಮಲಯಾಳದಲ್ಲಿ ‘ತೀವ್ರಪರಿಚರಣ ವಿಭಾಗಂ’ ಎನ್ನುತ್ತಾರೆ, ನಾವು ‘ತೀವ್ರ ನಿಗಾ ಘಟಕ’ ಎನ್ನುತ್ತೇವೆ. ನಿಗಾ ಪಾರಸಿಯಿಂದ ಬಂದ ಕಾವಲುಗಣ್ಣು, ಪರಿಚರಣ ಆರೈಕೆ. ಹಾಸಿಗೆಯಲ್ಲಿ ಮಲಗಿದವನಿಗೆ ಬೇಕಾದ್ದು ಎರಡನೆಯದು.

ಇಷ್ಟೆಲ್ಲ ಯಾಕೆಂದರೆ, 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕಾಸರಗೋಡಿನ ಕನ್ನಡಿಗರಿಗೆ ಅಲ್ಲಿನ 1969ರ ಅಧಿಕೃತ ಭಾಷಾ ಕಾಯಿದೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಹಾಗಾಗಿ ಅನುವಾದದ ಕೆಲಸ ತಪ್ಪುವುದಿಲ್ಲ. ಕೆಡುವುದೂ ಅಲ್ಲೇ. ಲಿಪಿ ಬದಲಿಸಿದರೆ ಕನ್ನಡವಾಯಿತೆಂದು ‘ಶ್ರದ್ಧಿಸಿ’ ಎಂದು ಬರೆದುಬಿಟ್ಟರೆ ಅದು ಮಂಜೇಶ್ವರದ ಅಜ್ಜಿಗೂ ಅರ್ಥವಾಗದು, ಬೆಂಗಳೂರಿನ ಅಧಿಕಾರಿಗೂ ಅರ್ಥವಾಗದು.

‘ಶ್ರದ್ಧಿಕ್ಕುಕ’ ಕಂಡಾಗ ಮೊದಲು ಕೇಳಿಕೊಳ್ಳಬೇಕಾದ್ದು, ಓದಿದವನು ಏನು ಮಾಡಬೇಕು ಎಂದು. ಸುಮ್ಮನೆ ತಿಳಿದುಕೊಳ್ಳಬೇಕಾದರೆ ‘ಗಮನಿಸಿ’. ಅಪಾಯವಿದ್ದರೆ ‘ಎಚ್ಚರಿಕೆ’. ‘ಕುಟ್ಟಿಯೆ ಶ್ರದ್ಧಿಕ್ಕಣಂ’ ಎಂಬುದನ್ನು ‘ಮಗುವನ್ನು ಗಮನಿಸಬೇಕು’ ಎಂದರೆ ದೂರ ನಿಂತು ನೋಡಿದ ಹಾಗಾಯಿತು. ಅಲ್ಲಿ ಬೇಕಾದ್ದು ‘ನೋಡಿಕೊಳ್ಳಬೇಕು’. ‘ವೈಗಾದಿರಿಕ್ಕಾನ್ ಶ್ರದ್ಧಿಕ್ಕುಕ’ ಎಂಬುದಕ್ಕೂ ಅದೇ ಕ್ರಿಯಾಪದ, ‘ತಡವಾಗದಂತೆ ನೋಡಿಕೊಳ್ಳಿ’. ವಿಭಕ್ತಿಯಲ್ಲೂ ಮುಗ್ಗರಿಸುವುದುಂಟು. ಗಮನಿಸುವುದು ಸೂಚನೆಯನ್ನು, ಗಮನ ಕೊಡುವುದು ಸೂಚನೆಗೆ. ಅಚೇತನ ಪದಗಳಿಗೆ ಮಲಯಾಳ ದ್ವಿತೀಯೆಯ ಪ್ರತ್ಯಯವನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ, ಆ ಗುಂಗಿನಲ್ಲಿ ಬರೆದವರು ಎರಡನ್ನೂ ಬೆರೆಸಿ ‘ಸೂಚನೆಯನ್ನು ಗಮನ ಕೊಡಿ’ ಎಂದು ಬರೆಯುತ್ತಾರೆ.

ಎಲ್ಲಕ್ಕಿಂತ ಕಷ್ಟದ್ದು ‘ಶ್ರದ್ಧಯಿಲ್ಪ್ಪೆಟ್ಟಾಲ್’. ಮಳೆಗಾಲದಲ್ಲಿ ವಿದ್ಯುತ್ ತಂತಿ ಕಡಿದು ಬಿದ್ದದ್ದು ‘ಶ್ರದ್ಧಯಿಲ್ಪ್ಪೆಟ್ಟಾಲ್’ ತಿಳಿಸಿ ಎಂಬ ಪ್ರಕಟಣೆ ಬಂದರೆ, ಕಚೇರಿ ಕನ್ನಡ ಕಲಿತವರು ‘ಗಮನಕ್ಕೆ ಬಂದಲ್ಲಿ’ ಎನ್ನುತ್ತಾರೆ. ತಪ್ಪಲ್ಲ, ಆದರೆ ತೋಟಕ್ಕೆ ಹೊರಟವನಿಗೆ ಅಷ್ಟು ದೂರದ ಮಾತು ಬೇಕಿಲ್ಲ. ‘ತಂತಿ ಕಡಿದು ಬಿದ್ದದ್ದು ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ.’ ಇದರಲ್ಲಿ ಶ್ರದ್ಧೆಯೂ ಇಲ್ಲ, ಗಮನವೂ ಇಲ್ಲ.