ಬೇಸ್ ಅಂಕಲ್ ಕಣ್ಣು ಮುಚ್ಚಿದರೆ

ಭಾನುವಾರದ ಸಿಟ್ಟು ಬುಧವಾರವಾದರೂ ಇಳಿದಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಒಂದು ಹಾಡಿಗೆ ನಾಲ್ಕು ಪಾರ್ಟ್, ಅಂದರೆ ಒಟ್ಟಿಗೆ ಹಾಡುವ ನಾಲ್ಕು ಬೇರೆ ಬೇರೆ ಸ್ವರಸಾಲು, ಬರೆದಿದ್ದೆ. ನಮ್ಮ ಚರ್ಚ್ ಕ್ವಾಯರ್‌ನಲ್ಲಿ ಇರುವುದು 8 ಜನ. ಮೇಲಿನ ದನಿಯಿಂದ ಕೆಳಗಿನ ದನಿಗೆ ಎಣಿಸಿದರೆ ಸೊಪ್ರಾನೊ 4, ಆಲ್ಟೊ 2, ಟೆನರ್ ಒಬ್ಬ, ಬೇಸ್ ಒಬ್ಬರು. ಇಷ್ಟು ಜನಕ್ಕೆ ಹಾರ್ಮನಿ ಬರೆಯುವಾಗ ಸಂಗೀತಕ್ಕಿಂತ ಹಾಜರಿ ಪುಸ್ತಕದ ಯೋಚನೆಯೇ ಜಾಸ್ತಿ. ಟೆನರ್ ಹುಡುಗನಿಗೆ ನೆಗಡಿಯಾದರೆ ಅವನ ಸ್ವರವೂ ರಜೆ. ಸ-ಗ-ಪ ಮೂರೂ ಒಟ್ಟಿಗೆ ನುಡಿಯುವ ಕಾರ್ಡಿನಲ್ಲಿ 'ಗ' ಹೋಯಿತೆಂದರೆ ಹಾಡು ಖುಷಿಯದೋ ದುಃಖದ್ದೋ ತಿಳಿಯುವುದಿಲ್ಲ. 'ಪ' ಕಾಣೆಯಾದರೆ ಯಾರೂ ಹುಡುಕುವುದಿಲ್ಲ. ಹಾಗಾಗಿ ಆದಷ್ಟೂ 'ಪ' ಅವನಿಗೆ, 'ಗ' ಆಲ್ಟೊಗೆ.

ಆಲ್ಟೊ ಆಂಟಿಯದು ಬೇರೆ ದೂರು. "ನನ್ನ ಹಾಳೇಲಿ ಪ್ರಿಂಟ್ ತಪ್ಪಾಗಿದೆ ನೋಡಪ್ಪ, ಒಂದೇ ಸ್ವರ ಹನ್ನೊಂದು ಸಲ ಬಂದಿದೆ."

ತಪ್ಪಾಗಿಲ್ಲ ಆಂಟಿ, ಆಲ್ಟೊ ಅಂದ್ರೇ ಅದು.

ಇದೆಲ್ಲ ಸಹಿಸಬಹುದು. ಬೇಸ್ ಅಂಕಲ್? ಮೊದಲ ಎರಡು ಸಾಲು ಬರೆದದ್ದನ್ನೇ ಹಾಡುತ್ತಾರೆ. ಮೂರನೇ ಸಾಲಿಗೆ ಭಕ್ತಿ ಉಕ್ಕಿ ಕಣ್ಣು ಮುಚ್ಚುತ್ತಾರೆ. ಅಲ್ಲಿಗೆ ನನ್ನ ಹಾಳೆಯ ಕಥೆ ಮುಗಿಯಿತು. ಸೊಪ್ರಾನೊಗಳ ಟ್ಯೂನನ್ನೇ ಒಂದು ಸ್ಥಾಯಿ ಕೆಳಗೆ ಹಿಡಿದು ಹೊರಟೇಬಿಡುತ್ತಾರೆ. ಆಗ ಎಲ್ಲರಿಗಿಂತ ಕೆಳಗೆ ಉಳಿಯುವವನು ಟೆನರ್ ಹುಡುಗ. ಪಾಪ, ತಾನೇ ತಪ್ಪಿದೆ ಅಂದುಕೊಂಡು ದನಿ ನುಂಗಿಕೊಳ್ಳುತ್ತಾನೆ.

ಭಾನುವಾರವೂ ಅದೇ ಆಯಿತು. ನಾನು ಅಂಕಲ್ ಕಡೆ ಕೈ ಬೀಸಿದೆ. ಕಣ್ಣು ಮುಚ್ಚಿದವರಿಗೆ ಕೈ ಕಾಣುತ್ತದೆಯೇ? ಕಣ್ಣು ತೆರೆದಿದ್ದ ಏಳು ಜನ 'ನಿಲ್ಲಿಸಿ' ಅಂತ ತಿಳಿದು ಗಪ್‌ಚಿಪ್. ಕೀಬೋರ್ಡಿನವರೂ ಕೈ ಎತ್ತಿದರು. ಇಡೀ ಚರ್ಚ್ ನಿಶ್ಶಬ್ದ. ಅಂಕಲ್ ಒಬ್ಬರೇ ಒಂದು ಪೂರ್ತಿ ಚರಣ ಹಾಡಿ, ಕೊನೆಯ ಸ್ವರವನ್ನು ಉಸಿರಿರುವಷ್ಟೂ ಎಳೆದು, ಮೆಲ್ಲಗೆ ಕಣ್ಣು ಬಿಟ್ಟರು.

ಆರಾಧನೆ ಮುಗಿದ ಮೇಲೆ ಜನ ನನ್ನ ಕೈ ಕುಲುಕಿದ್ದೇ ಕುಲುಕಿದ್ದು. "ಆ ಸೋಲೊ ಎಷ್ಟು ಚೆನ್ನಾಗಿತ್ತು! ನಿಮ್ಮ ಐಡಿಯಾನಾ?"

ಹೌದು ಅಂದೆ. ಇನ್ನೇನು ಅನ್ನಲಿ?

ಬೇಜಾರೇನು ಗೊತ್ತಾ? ಶುಕ್ರವಾರದ ಪ್ರಾಕ್ಟೀಸಿನಲ್ಲಿ ಕೊನೆಯ 'ಆಮೆನ್' ಒಮ್ಮೆ ಸರಿಯಾಗಿ ಕೂತಿತ್ತು. ಎಂಟೂ ದನಿ ಒಂದಕ್ಕೊಂದು ಒರಗಿಕೊಂಡು ನಿಂತವು. ಯಾರ ದನಿ ಯಾವುದೆಂದು ನನಗೇ ತಿಳಿಯಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆಲ್ಟೊ ಆಂಟಿ ಕೂಡ. ಆಮೇಲೆ ಯಾರದೋ ಫೋನ್ ಬಡಿದುಕೊಂಡಿತು.

ಸೋಮವಾರ ಸೋತು ಪಾರ್ಟ್ ತಿದ್ದಿದೆ. ಮೂರನೇ ಸಾಲಿನ ಟ್ಯೂನು ಅಂಕಲ್‌ಗೇ ಇರಲಿ, ಸೊಪ್ರಾನೊಗಳು ಮೇಲೆ ಸುಮ್ನೆ 'ಊ' ಅನ್ನಲಿ. ನಿನ್ನೆ ಪ್ರಾಕ್ಟೀಸಿನಲ್ಲಿ ಮೂರನೇ ಸಾಲು ಬಂತು. ಅಂಕಲ್ ಕಣ್ಣು ಮುಚ್ಚಿದರು. ನಾನು ನೆಮ್ಮದಿಯಾಗಿ ಕಾದೆ.

ಬಂದದ್ದು ಹಳೆಯ ಬೇಸ್ ಪಾರ್ಟ್. ಒಂದು ಸ್ವರವೂ ತಪ್ಪಿಲ್ಲ.

"ನೋಡಪ್ಪ," ಅಂದರು ಅಂಕಲ್, "ಈಗ ಬಾಯಿಪಾಠ ಆಯ್ತು."