ಆನೆಗೊಂದಿಯ ಹನುಮಂತ ಕನ್ನಡ ಮಾತಾಡುವುದು ಯಾವಾಗ?

2025ರ ಜನವರಿ ಕೊನೆಯ ವಾರ. ಆರು ವರ್ಷದ ಮಗಳನ್ನು ಕರ್ಕೊಂಡು 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ನೋಡೋಕೆ ಹೋಗಿದ್ದೆ. ಜಪಾನಿನ ಯುಗೋ ಸಾಕೋ ನಮ್ಮ ಅನಿಮೇಟರ್ ರಾಮ್ ಮೋಹನ್ ಜೊತೆ ಸೇರಿ ಮಾಡಿದ ಹಳೆಯ ಅನಿಮೆ, ಅಂದರೆ ಜಪಾನಿ ಶೈಲಿಯ ಅನಿಮೇಷನ್ ಚಿತ್ರ, 4ಕೆಯಲ್ಲಿ ಮತ್ತೆ ಬಂದಿತ್ತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಇತ್ತು. ಕನ್ನಡ ಇರಲಿಲ್ಲ. ಅವಳು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಸಾಕಾದೀತು ಅಂತ ಇಂಗ್ಲಿಷ್ ಶೋಗೇ ಟಿಕೆಟ್ ತಗೊಂಡೆ.

ಸಾಕಾಗಲಿಲ್ಲ. ತಾಟಕಿ ಬರುವಷ್ಟರಲ್ಲೇ ಮಗಳ ಕಿವಿ ನನ್ನ ಬಾಯಿ ಹತ್ತಿರ ಇತ್ತು. ನಾನು ಪಿಸುಗುಟ್ಟಿ ಒಂದು ಮಾತು ಮುಗಿಸುವಷ್ಟರಲ್ಲಿ ಪರದೆ ಮೇಲೆ ಮೂರು ಮಾತು ದಾಟಿ ಹೋಗಿರುತ್ತಿತ್ತು. "ಅಪ್ಪ, ಜೋರಾಗಿ ಹೇಳು, ಕೇಳಿಸ್ತಿಲ್ಲ" ಅಂದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕುಂಭಕರ್ಣ ಯುದ್ಧಕ್ಕೆ ಬಂದಾಗ ಮಾತ್ರ ಏನೂ ಕೇಳದೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆ ದೃಶ್ಯಕ್ಕೆ ಅನುವಾದ ಬೇಕಿರಲಿಲ್ಲ.

ಇದೇ ಕೆಲಸವನ್ನ ನಾನು ಚಿಕ್ಕವನಿದ್ದಾಗಲೂ ಮಾಡಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಟಿವಿ ಮುಂದೆ ಕೂತು ಹಿಂದಿಯಲ್ಲಿ ಇದೇ ಸಿನಿಮಾ ನೋಡುವಾಗ ಅಜ್ಜಿ ಪಕ್ಕದಲ್ಲಿ ಅಡಿಕೆ ಕತ್ತರಿಸ್ತಾ "ಅವ ಎಂತ ಹೇಳ್ದ ಮಾರಾಯಾ?" ಅಂತ ಕೇಳ್ತಿದ್ದರು. ಅರುಣ್ ಗೋವಿಲ್ ದನಿಯ ರಾಮನ ಮಾತು ನನಗೆ ಅರ್ಧ ಅರ್ಥವಾಗ್ತಿತ್ತು, ಉಳಿದರ್ಧ ಕಥೆ ಗೊತ್ತಿದ್ದದ್ದರಿಂದ ಸೇರಿಸ್ತಿದ್ದೆ. ಅಮರೀಶ್ ಪುರಿ ರಾವಣನಾಗಿ ಗುಡುಗಿದರೆ ಅಜ್ಜಿಯ ಅಡಕತ್ತರಿ ನಿಲ್ಲುತ್ತಿತ್ತು.

ಈ ಚಿತ್ರಕ್ಕೆ ಇಂಗ್ಲಿಷ್‌ನಲ್ಲೇ ಎರಡು ದನಿ ಇವೆ. ಮೊದಲನೆಯದು ಭಾರತೀಯ ಕಲಾವಿದರದ್ದು. ಆಮೇಲೆ ಅಮೆರಿಕದವರು ತಮಗೆ ಬೇಕಾದಂತೆ ಇನ್ನೊಂದು ಮಾಡಿಕೊಂಡರು, ಅದರಲ್ಲಿ ರಾಮನಿಗೆ ಬ್ರಯಾನ್ ಕ್ರಾನ್‌ಸ್ಟನ್ ದನಿ, ನಿರೂಪಣೆ ಜೇಮ್ಸ್ ಅರ್ಲ್ ಜೋನ್ಸ್. ಅಮೆರಿಕದ ಮಕ್ಕಳಿಗೆ ಅವರ ಕಿವಿಗೆ ಒಗ್ಗುವ ರಾಮ ಸಿಕ್ಕಿದ. ಸಂತೋಷವೇ. ನಾನು ಕೇಳ್ತಿರೋದೂ ಅಷ್ಟೇ.

ಕಿಷ್ಕಿಂಧೆ ಅಂದರೆ ನಮಗೆ ಆನೆಗೊಂದಿ. ಅಂಜನಾದ್ರಿ ಹತ್ತಿದವರಿಗೆ ಆ ಬಂಡೆಗಳ ಬಿಸಿ ಕಾಲಿಗೇ ಗೊತ್ತು. ವಾಲ್ಮೀಕಿಯಲ್ಲಿ ಹನುಮಂತ ಮೊದಲ ಸಲ ಬಂದು ಮಾತಾಡಿದಾಗ ರಾಮ ಲಕ್ಷ್ಮಣನಿಗೆ ಹೇಳೋದೇನು? ಇವನು ಇಷ್ಟು ಹೊತ್ತು ಮಾತಾಡಿದ, ಒಂದೇ ಒಂದು ಅಪಶಬ್ದ ಬರಲಿಲ್ಲ, ಅಂತ. ರಾಮ ಅವನನ್ನ ಮೊದಲು ಮೆಚ್ಚಿದ್ದು ಮಾತಿಗೆ. ಬಲ, ಹಾರಾಟ ಎಲ್ಲ ಆಮೇಲೆ. ಆ ಹನುಮಂತ ನಾಲ್ಕು ಭಾಷೆಯಲ್ಲಿ ಥಿಯೇಟರಿಗೆ ಬಂದ, ತುಂಗಭದ್ರೆಯ ದಡದಲ್ಲಿ ಇವತ್ತು ಆಡುವ ಭಾಷೆ ಅದರಲ್ಲಿ ಇರಲಿಲ್ಲ. ನನಗೆ ನಿಜವಾಗಿ ನೋವಾಯ್ತು.

ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗಕ್ಕೆ ಪೆಟ್ಟು ಅನ್ನೋ ಆತಂಕ ಹಳೆಯದು, ಅದರ ಹಿಂದೆ ನಮ್ಮ ಕಲಾವಿದರ ಹೊಟ್ಟೆಪಾಡು ಇತ್ತು, ಅದನ್ನ ಹಗುರವಾಗಿ ನೋಡೋದಿಲ್ಲ. ಆದರೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್‌ಗೆ ಚಿತ್ರರಂಗ ಹಾಕಿದ್ದ ಅಡ್ಡಿಯನ್ನ ತಪ್ಪು ಅಂದಾಯ್ತು. 2020ರ ಲಾಕ್‌ಡೌನಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಧಾರಾವಾಹಿಯನ್ನ ಮನೆಮಂದಿಯೆಲ್ಲ ಕೂತು ನೋಡಿದೆವು. 2025ರಲ್ಲೇ 'ಮಹಾವತಾರ ನರಸಿಂಹ' ಅನಿಮೇಷನ್ ಕನ್ನಡದಲ್ಲೂ ಬಂತು. ಕನ್ನಡದಲ್ಲಿ ಯಾರು ನೋಡ್ತಾರೆ ಅನ್ನೋ ಪ್ರಶ್ನೆಗೆ ಇನ್ನು ಜಾಗವಿಲ್ಲ.

ಮಾಡುವುದಾದರೆ ಹೇಗಾದರೂ ಮಾಡಿದರೆ ಸಾಲದು. ಸುಮಾರು 450 ಕಲಾವಿದರು ಕೈಯಲ್ಲಿ ಬರೆದ ಚಿತ್ರ ಇದು, ಮೂಲ ಸಂಭಾಷಣೆ ಇಂಗ್ಲಿಷಿನದು. ಇಂಗ್ಲಿಷ್ ಮಾತು ಎಷ್ಟೋ ಸಲ ವ್ಯಂಜನದಲ್ಲಿ ಮುಗಿಯುತ್ತೆ, 'ಕಮ್' ಅಂದಾಗ ತುಟಿ ಕೂಡುತ್ತೆ. ಕನ್ನಡದಲ್ಲಿ 'ಬಾ' ಅಂದರೆ ಮಾತು ಮುಗಿದಾಗ ಬಾಯಿ ತೆರೆದೇ ಇರುತ್ತೆ. ತುಟಿಗೆ ಹೊಂದಿಸುವ ಅವಸರದಲ್ಲಿ ಕನ್ನಡದ ಕತ್ತು ಹಿಸುಕಿದರೆ ಯಾವ ಭಾಷೆಯೂ ಅಲ್ಲದ ಮಾತು ಹುಟ್ಟುತ್ತೆ. ತುಟಿ ಸ್ವಲ್ಪ ತಪ್ಪಿದರೂ ಪರವಾಗಿಲ್ಲ, ಮಾತು ತಪ್ಪಬಾರದು. ಲಕ್ಷ್ಮಣ ಬಾಯ್ತುಂಬ 'ಅಣ್ಣಾ' ಅನ್ನಲಿ. ಗ್ರಾಂಥಿಕವೂ ಬೇಡ, ಬೆಂಗಳೂರಿನ ಕಾಲೇಜು ಕನ್ನಡವೂ ಬೇಡ. ವನರಾಜ್ ಭಾಟಿಯಾ ಸಂಗೀತದ ಸಂಸ್ಕೃತ ಹಾಡುಗಳನ್ನ ದಯವಿಟ್ಟು ಹಾಗೇ ಬಿಡಿ.

ದನಿಗೆ ಎಲ್ಲಿ ಹೋಗಬೇಕು? ಯಕ್ಷಗಾನದ ತಾಳಮದ್ದಳೆಗೆ ಹೋಗಿ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ ಉಟ್ಟು ಶಲ್ಯ ಹೊದ್ದು ಕೂತ ಅರ್ಥಧಾರಿ ಬರೀ ಮಾತಿನಲ್ಲಿ ರಾವಣನನ್ನ ಎದುರಿಗೆ ತಂದು ನಿಲ್ಲಿಸ್ತಾರೆ. ವಾಲಿ ಬಾಣ ತಿಂದು ಬಿದ್ದು ರಾಮನನ್ನ ಪ್ರಶ್ನಿಸುವ ಪ್ರಸಂಗದಲ್ಲಿ ರಾತ್ರಿ ಎರಡು ಗಂಟೆಗೆ ಸಭೆ ಉಸಿರು ಬಿಗಿಹಿಡಿದದ್ದನ್ನ ನಾನು ಕಂಡಿದ್ದೇನೆ. ಕಣ್ಣಿಗೆ ಏನೂ ಕಾಣದೆ ಬರೀ ಕಿವಿಗೆ ರಾಮಾಯಣ ಕಟ್ಟುವ ಇಂಥ ಜನ ನಮ್ಮಲ್ಲಿರುವಾಗ ಮೈಕ್ ಮುಂದೆ ಅವರನ್ನ ಕೂರಿಸಲು ಯಾಕೆ ತಡ?

ಹಕ್ಕು ಇರುವವರಿಗೆ ನಾನು ಬರೆದಿದ್ದೇನೆ, ನೀವೂ ಬರೆಯಿರಿ. ಯುಗೋ ಸಾಕೋ 2012ರಲ್ಲಿ, ರಾಮ್ ಮೋಹನ್ 2019ರಲ್ಲಿ ಹೋದರು, ಅವರ ಚಿತ್ರ ಹೊಸದರಂತೆ ಹೊಳೀತಿದೆ. ಮಗಳು ಮೊನ್ನೆ ದಿಂಬು ಎತ್ತಿಕೊಂಡು ಸಂಜೀವಿನಿ ತರ್ತಿದ್ದಳು. ಹನುಮಂತ ಹಾರುವಾಗ ಏನಂತಾನೆ ಅಂತ ಕೇಳಿದಳು. ನಾನೇ ಏನೋ ಕಟ್ಟಿ ಹೇಳಿದೆ, ಈಗ ಅದನ್ನೇ ಹೇಳ್ಕೊಂಡು ಸೋಫಾದಿಂದ ಹಾರ್ತಾಳೆ.